ದೋಷವೇ ಇಲ್ಲದ ಅಳತೆ

ವೇದಿಕೆಯ ಮೇಲಿರುವ ಮಾನ್ಯ ಪ್ರಾಂಶುಪಾಲರೇ, ತೊಂಬತ್ತರ ಅಂಚಿನಲ್ಲೂ ಮೊದಲ ಸಾಲಿನಲ್ಲಿ ನೆಟ್ಟಗೆ ಕುಳಿತಿರುವ ನಮ್ಮ ಗುರುಗಳೇ, ನನ್ನ ಹಳೆಯ ಸಹಪಾಠಿಗಳೇ, ನನ್ನ ಪ್ರೀತಿಯ ವಿದ್ಯಾರ್ಥಿಗಳೇ, ಸಭಿಕರೇ,

ಮೊದಲು ಗುರುಗಳಿಗೆ ವಂದನೆ. ನಿಂತ ನೆಲ ಸಮತಟ್ಟಾಗಿದೆಯೆಂದು ಕಣ್ಣು ಹೇಳಿದರೆ ನಂಬಬೇಡ, ಅಳೆದು ನೋಡು ಎಂದು ಕಲಿಸಿದವರು ಅವರು. ಇಂದು ಕಿವಿಗೆ ಯಂತ್ರ ಹಾಕಿಕೊಂಡು ಬಂದಿದ್ದಾರೆ. ದಯವಿಟ್ಟು ನನ್ನ ಮಾತು ಮುಗಿಯುವವರೆಗೆ ಅದನ್ನು ತೆಗೆಯಬಾರದೆಂದು ಪ್ರಾರ್ಥನೆ.

ಮೂವತ್ತನಾಲ್ಕು ವರ್ಷಗಳ ನಂತರ ಇಂದು ಬೆಳಿಗ್ಗೆ ನಾವೆಲ್ಲ ಒಟ್ಟಿಗೆ ಸೇರಿದೆವು. ಅರ್ಧ ಗಂಟೆ ಯಾರು ಯಾರೆಂದು ಗುರುತು ಹಿಡಿಯುವುದರಲ್ಲಿ ಕಳೆಯಿತು. ಉಳಿದ ಅರ್ಧ ಗಂಟೆ ಯಾರ ಮಂಡಿ ಎಷ್ಟನೇ ಮೆಟ್ಟಿಲಿಗೆ ಮುಷ್ಕರ ಹೂಡುತ್ತದೆ ಎಂಬ ಚರ್ಚೆಯಲ್ಲಿ. ಅಂದು ಕಾಲೇಜಿನ ಕಾಂಪೌಂಡು ಹಾರುತ್ತಿದ್ದ ಗೆಳತಿ ಇಂದು ಸೇತುವೆ ಕಟ್ಟಿಸುತ್ತಾರೆ. "ನನ್ನ ಸೇತುವೇನೂ ಬಾಗಲ್ಲ, ನನ್ನ ಸೊಂಟಾನೂ ಬಾಗಲ್ಲ" ಎಂದರು. ಇಷ್ಟು ನಕ್ಕು ಎಷ್ಟು ಕಾಲವಾಗಿತ್ತು!

ವಿದ್ಯಾರ್ಥಿಗಳೇ, ನಾನು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುವ ಕಥೆ ನಿಮಗೆ ಬಾಯಿಪಾಠವಾಗಿದೆ. ಒಂದು ಕಲ್ಲಿನಿಂದ ಹೊರಟು ಮೈದಾನದ ಏರುತಗ್ಗು ಅಳೆಯುತ್ತಾ ಸುತ್ತಿ, ಅದೇ ಕಲ್ಲಿಗೆ ಮರಳಬೇಕು. ಹೊರಟಾಗಿನ ಎತ್ತರಕ್ಕೂ ಮರಳಿದಾಗಿನ ಎತ್ತರಕ್ಕೂ ಕೂದಲೆಳೆಯಷ್ಟಾದರೂ ವ್ಯತ್ಯಾಸ ಬರುತ್ತದೆ. ಮಿತಿಯೊಳಗಿದ್ದರೆ ಸರಿ, ಮೀರಿದರೆ ಮತ್ತೆ ಅಳೆಯಬೇಕು. ಬರೆದ ಅಂಕಿ ತಪ್ಪಿದ್ದರೆ ಅದರ ಮೇಲೊಂದು ಗೆರೆ ಎಳೆಯಬೇಕೇ ಹೊರತು ರಬ್ಬರ್ ಹಚ್ಚಬಾರದು. "ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದ, ರಬ್ಬರ್ ಹಚ್ಚಿದ, ಒಂದು ವರ್ಷ ಕಳೆದುಕೊಂಡ" ಎಂದು ಹೇಳುತ್ತಾ ಬಂದಿದ್ದೇನೆ. ನೀವೂ ಗಂಭೀರವಾಗಿ ಕೇಳಿದ್ದೀರಿ.

ಆ ವರ್ಷ ಕಳೆದುಕೊಂಡವನು ಅಲ್ಲಿ ಮೂರನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ ಕುಳಿತಿದ್ದಾನೆ. ಅಕ್ಷರ ಮುತ್ತಿನಂತಿದ್ದುದರಿಂದ ಅವನನ್ನು ಮುತ್ತು ಎಂದೇ ಕರೆಯುತ್ತಿದ್ದೆವು. ಬೆಳಿಗ್ಗೆ ಕಾಫಿ ಲೋಟ ಹಿಡಿದು ನನ್ನ ಪಕ್ಕಕ್ಕೆ ಬಂದ.

"ನನ್ನ ತಮ್ಮನ ಮಗಳು ನಿನ್ನ ಕ್ಲಾಸಲ್ಲೇ ಓದ್ತಿದ್ದಾಳೆ ಕಣೋ" ಎಂದ. "ನಿನ್ನ ಕಥೆ ಮನೇಲಿ ಬಂದು ಹೇಳಿದ್ಲು. ಭಾರೀ ಚೆನ್ನಾಗಿ ಹೇಳ್ತೀಯಂತೆ."

"ನೀನೇನಂದೆ?" ಎಂದೆ.

"ನಾನೇನು ಹೇಳ್ಲಿ? ದೊಡ್ಡಪ್ಪಾ, ಆ ಹುಡುಗ ಎಂಥ ಪೆದ್ದ ಅಂದ್ಲು. ಹೂಂ ಅಂದೆ."

ಸಭಿಕರೇ, ಮುತ್ತು ರಬ್ಬರ್ ಹಚ್ಚಲಿಲ್ಲ. ಹಚ್ಚಿದವನು ನಾನು. ಅಂದು ಅಳತೆಯ ದೂರದರ್ಶಕದಲ್ಲಿ ಕೋಲಿನ ಮೇಲಿನ ಅಂಕಿ ನೋಡಿ ಹೇಳುತ್ತಿದ್ದವನು ನಾನು, ಬರೆಯುತ್ತಿದ್ದವನು ಮುತ್ತು. ಸಂಜೆ ಹತ್ತೊಂಬತ್ತು ಮಿಲಿಮೀಟರ್ ವ್ಯತ್ಯಾಸ ಬಂತು. "ನಾಳೆ ಮತ್ತೆ ಅಳೆಯೋಣ" ಎಂದು ಅವನು ಕೈ ತೊಳೆಯಲು ಹೋದ. ನನಗೆ ಊರಿನ ಬಸ್ಸು ಹಿಡಿಯುವ ಆತುರ. ಎರಡು ಅಂಕಿ ಅಳಿಸಿ, ಅವನ ಕೈಬರಹವನ್ನೇ ಅನುಕರಿಸಿ ತಿದ್ದಿದೆ. ಸ್ವಲ್ಪ ದೋಷ ಉಳಿಸಬೇಕೆಂಬ ಬುದ್ಧಿಯೂ ಇರಲಿಲ್ಲ, ವ್ಯತ್ಯಾಸ ಸೊನ್ನೆ ಬರುವಂತೆ ಮಾಡಿಬಿಟ್ಟೆ!

ಗುರುಗಳು ಅಳತೆಯ ಪುಸ್ತಕ ನೋಡಿ ಕೇಳಿದರು: "ಮೂವತ್ತು ವರ್ಷದಿಂದ ಅಳೀತಿದ್ದೀನಿ, ನಂಗೆ ಒಂದು ಸಲಾನೂ ಸೊನ್ನೆ ಬಂದಿಲ್ಲ. ಈ ಪುಣ್ಯಾತ್ಮ ಯಾರಪ್ಪ? ಬರೆದೋರು ಎದ್ದು ನಿಲ್ಲಿ."

ಬರೆದವನು ಎದ್ದು ನಿಂತ, ನನ್ನ ಹೆಸರೆತ್ತದೆ ಆ ವರ್ಷ ನಪಾಸಾದ. ನಾನು ಕುಳಿತೇ ಇದ್ದೆ. ಆ ಕುಳಿತದ್ದಕ್ಕೆ ಏನು ಕಾರಣ ಕೊಡಲಿ? ಇಪ್ಪತ್ತೊಂದು ವರ್ಷದ ವಯಸ್ಸೇ? ಹಾಗಾದರೆ ಆಮೇಲಿನ ಮೂವತ್ತನಾಲ್ಕು ವರ್ಷಕ್ಕೆ ಯಾವ ಕಾರಣ?

ಇಂದು ಬೆಳಿಗ್ಗೆ ಅವನ ಕ್ಷಮೆ ಕೇಳಿದೆ. "ಆ ವರ್ಷ ಅಪ್ಪ ನನ್ನ ಹತ್ರ ಮಾತಾಡ್ಲಿಲ್ಲ ಕಣೋ. ಅದೊಂದೇ ನೋವು. ಆಮೇಲೆ ಜೀವಮಾನವೆಲ್ಲ ಕಾಲುವೆ ಕಟ್ಟಿಸಿದೆ. ನೀರಿನ ಹತ್ರ ನಿನ್ನ ರಬ್ಬರ್ ನಡೆಯಲ್ಲ, ತಗ್ಗಿದ್ದ ಕಡೆಗೇ ಹರಿಯತ್ತೆ. ಸುಖವಾಗಿದ್ದೀನಿ ಬಿಡು" ಎಂದ. ನಾನು ಹಗುರಾಗುವಷ್ಟರಲ್ಲಿ ಸೇರಿಸಿದ: "ಆದ್ರೆ ನಂಗೊಬ್ಬನಿಗೇ ಹೇಳಿದ್ರೆ ಹೇಗೆ? ಕಥೆ ಊರಿಗೆಲ್ಲ ಹೇಳಿದ್ದೀಯ. ಇದನ್ನ ಮೈಕಲ್ಲಿ ಹೇಳು."

ಹೇಳಿದ್ದೇನೆ. ಗುರುಗಳೇ, ಆ ದಿನ ಎದ್ದು ನಿಲ್ಲಬೇಕಾದವನು ಇಂದು ನಿಂತಿದ್ದೇನೆ. ಮಗೂ, ನಿನ್ನ ದೊಡ್ಡಪ್ಪ ಪೆದ್ದರಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಮೇಲೆ ನನಗೆ ಅಪಾರ ಭರವಸೆ. ನೀವು ತಪ್ಪು ಮಾಡುವುದಿಲ್ಲವೆಂಬ ಭರವಸೆಯಲ್ಲ. ಮಾಡಿದ ತಪ್ಪನ್ನು ಅದೇ ಸಂಜೆ ಹೇಳುವಷ್ಟು ನನಗಿಂತ ಗಟ್ಟಿಗರೆಂಬ ಭರವಸೆ. ಪ್ರಯೋಗಾಲಯದ ಹಿಂದೆ ಪ್ರತಿ ಮಳೆಗೂ ನೀರು ನಿಲ್ಲುತ್ತದೆ. ಅಲ್ಲಿ ಚರಂಡಿ ತೋಡಲು ನೆಲದ ಅಳತೆ ಇಂದೇ ಆಗಬೇಕು. ಮುತ್ತು ಮುಂದೆ ನಿಂತು ಕಲಿಸಲು ಒಪ್ಪಿದ್ದಾನೆ. ನಾನು ಅವನ ಕೈಕೆಳಗೆ ದುಡಿಯುತ್ತೇನೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ. ಬಿಸಿಲು ಇಳಿಯುವ ಮುನ್ನ ಸುತ್ತು ಮುಗಿಯಬೇಕು. ಎಲ್ಲರೂ ಮೈದಾನಕ್ಕೆ ಬನ್ನಿ, ಕೆಲಸ ಶುರುಮಾಡೋಣ.