ಅತ್ತೆಯ ನೆಗಡಿ

ಮೀನಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅತ್ತೆ, ಸೊಸೆ ನಿಂತಿದ್ದರು.

“ಸಿಗಡಿ ನೀನೇ ಮೂಸಿ ನೋಡೇ. ನನಗೆ ನೆಗಡಿ.”

“ಜ್ವರ ಬಿಟ್ಟು ಮೂರು ತಿಂಗಳಾಯ್ತು. ನಿಮಗೆ ವಾಸನೇನೇ ಗೊತ್ತಾಗ್ತಿಲ್ಲ, ಅಲ್ವಾ ಅತ್ತೆ?”

“ನಿನ್ನ ಗಂಡ ನನ್ನ ಸಾರಿಗೆ ಅಂತಲೇ ಹತ್ತು ಜನರನ್ನ ಊಟಕ್ಕೆ ಕರ್ದಿದ್ದಾನೆ. ಈಗ್ಯಾಕೆ ಆ ಮಾತು?”

“ಹೋದ ವಾರ ನೀವು ಕುದಿಸ್ತಿದ್ದ ಏಡಿ ಕೆಟ್ಟಿತ್ತು. ನಾನು ಬೇಕಂತಲೇ ಪಾತ್ರೆ ಬೀಳಿಸಿದೆ.”

“ಎಲ್ಲರ ಮುಂದೆ ನಿನ್ನ ಬೈದೆನಲ್ಲೇ!”

“ಬೈದ್ರಿ.”

“ಅವನಿಗೆ ಹೇಳಿದ್ಯಾ?”

“ಇಲ್ಲ.”

“ಹೇಳ್ಬೇಡ ಕಣೇ. ಗೊತ್ತಾದ್ರೆ ಒಲೆ ಹತ್ರಾನೇ ಬಿಡಲ್ಲ.”

ಅವರ ಸರದಿ ಬಂತು. ಅತ್ತೆ ಸಿಗಡಿಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಸೊಸೆಯೂ ಬಗ್ಗಿ ಮೂಸಿ, ಬೇಡವೆಂದು ತಲೆಯಾಡಿಸಿದಳು.

“ನನ್ನ ಮೂಗಿಗೇ ಮೋಸ ಮಾಡ್ತೀಯೇನಪ್ಪಾ?” ಎಂದು ಅಂಗಡಿಯವನನ್ನು ಗದರಿದ ಅತ್ತೆ, ಸೊಸೆಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಪಕ್ಕದಂಗಡಿಗೆ ನಡೆದರು.