ಬೆನ್ನಿನ ಕೆಂಪು ಹೊಲಿಗೆ

ಮಕ್ಕಳ ಡಾಕ್ಟರಿಗಾಗಿ ಕಾಯುತ್ತಿದ್ದಾಗ ಪಕ್ಕದ ಅಕ್ಕತಂಗಿಯರ ಮಾತು ಕಿವಿಗೆ ಬಿತ್ತು. ಅಕ್ಕನ ತೊಡೆಯ ಮೇಲೆ ಮಗು. ಅದು ತೊಟ್ಟ ನೀಲಿ ಜಪಾನಿ ಮಾದರಿಯ ಅಂಗಿ ತಂಗಿಯೇ ವಿನ್ಯಾಸ ಮಾಡಿ ಹೊಲಿದದ್ದಂತೆ.

“ನಿನ್ನೆಯಿಂದ ಹಿಂದೆ ತಿರುಗಿ ತಿರುಗಿ ನೋಡ್ತಾನೆ ಕಣೇ. ನಿದ್ದೆನೇ ಇಲ್ಲ.”

“ಅಕ್ಕಾ, ಬೆನ್ನಲ್ಲಿದ್ದ ಕೆಂಪು ಹೊಲಿಗೆ ಎಲ್ಲಿ?”

“ಚುಚ್ಚುತ್ತೆ ಅಂತ ನಿನ್ನೆ ಬಿಚ್ಚಿಬಿಟ್ಟೆ. ಬರೀ ಡಿಸೈನ್ ತಾನೆ?”

“ಅಲ್ಲ, ಅದು ಕಾವಲು ಹೊಲಿಗೆ. ಹಿಂದಿನಿಂದ ಬರೋದನ್ನ ತಡೆಯುತ್ತೆ ಅಂತ ಜಪಾನಿನವರು ಹಿಂದೆಲ್ಲ ಮಕ್ಕಳ ಬಟ್ಟೆಗೆ ಹಾಕ್ತಿದ್ರಂತೆ.”

“ಏನು ಬರೋದು?”

“ಗೊತ್ತಿಲ್ಲ.”

“ಮೊದಲೇ ಹೇಳೋಕೇನು ಧಾಡಿ ನಿಂಗೆ?”

“ನಗ್ತೀಯ ಅಂತ ಸುಮ್ಮನಿದ್ದೆ.”

ಅಕ್ಕ ನಗಲಿಲ್ಲ. ಮಗುವಿನ ಬೆನ್ನಿಗೆ ಅಂಗೈ ಅಡ್ಡ ಇಟ್ಟಳು. ಮಗು ತಿರುಗಿ ನೋಡುವುದನ್ನು ನಿಲ್ಲಿಸಿ ಅವಳ ಎದೆಗೊರಗಿತು.

ಒಳಗಿನಿಂದ ನರ್ಸ್ ಕರೆದಳು.

“ನನ್ನ ಕೈ ಯಾಕೋ ತಣ್ಣಗಾಗ್ತಿದೆ ಕಣೇ, ಬೇಗ ನಡಿ,” ಎನ್ನುತ್ತ ಅಕ್ಕ ಎದ್ದಳು. ಕೈ ಮಾತ್ರ ತೆಗೆಯಲಿಲ್ಲ.