ಎರಡಕ್ಷರದ ಸುಳಿವು

ಅಯ್ಯೋ, ಹಂಗಲ್ಲ ಮಾವ! ಕೋತಿ ಮರದಿಂದ ಬೀಳಲ್ಲ. ಇನ್ನೊಂದ್ಸಲ ಓದ್ತೀನಿ, ಕೇಳಿ. ‘ಕೋತಿ ಹಿಂದುಮುಂದಾದರೆ ಹಾಡುತ್ತದೆ.’ ಎರಡಕ್ಷರ... ಕೋತಿಗೆ ಇನ್ನೊಂದು ಹೆಸರಿಲ್ವಾ? ...ಹಾಂ, ಕಪಿ! ಈಗ ತಿರುಗಿಸಿ... ನೋಡಿ, ನೋಡಿ, ನಗು ಬಂತು! ಪಿಕ. ಕೋಗಿಲೆ! ಪದಬಂಧ ಅಂದ್ರೆ ಹಿಂಗಿರ್ಬೇಕು. ಕೋತಿಯೊಳಗೇ ಕೋಗಿಲೆ ಕೂತೈತೆ, ನಮ್ಗೇ ಕಾಣ್ಸಿಲ್ಲ.

ಮೇಲಿನ ಸದ್ದಾ? ನಿಮ್ಮ ಮಗ ಕಣ್ ಮಾವ. ಅಟ್ಟದ ಮೇಲೆ ಕಾಯಿ ಆರಿಸ್ತಾವ್ರೆ. ನಾಳೆ ಸುಲಿಯೋರು ಬತ್ತಾರಂತೆ. ಅವ್ರು ಇಳಿಯೋದ್ರೊಳಗೆ ಮುಗಿಸ್ಬುಡಾಣ. ಇಲ್ದಿದ್ರೆ ಶುರು ಮಾಡ್ತಾರೆ, ‘ಸರ್ವಮಂಗಳ, ನೀನೂ ನಮ್ಮಪ್ಪನೂ ಕೂತ್ಕೊಂಡು ಅಕ್ಷರ ಹೆಕ್ಕುದ್ರೆ ಸಾಂಬಾರಿಗೆ ಕಾಯಿ ತುರಿಯೋರ್ಯಾರು?’ ಅಂತ.

ಮುಂದಿಂದು. ‘ಅರ್ಧ ಕಟ್ಟಿದ ಮನೆ, ರಾಜ ಬಂದು ಕೂತ.’ ನಾಲ್ಕಕ್ಷರ... ಅರೆ! ಹೇಳಿ ಮುಗಿಸೋಕೂ ಬುಡಲ್ವಲ್ಲ ನೀವು! ಅರಮನೆ, ಸರಿ. ಏನು, ಮೋಸಾನಾ? ಅರ್ಧಕ್ಕೆ ಅರೆ ಅಂತಾರೆ, ಎತ್ವ ಎಲ್ಲಿ ಹೋಯ್ತು ಅಂತೀರಾ? ಮಾವ, ಒಂದು ಎತ್ವಕ್ಕೋಸ್ಕರ ಇಷ್ಟು ಜಗಳಾನಾ! ...ಹೂಂ, ಒಪ್ದೆ. ಬರೆದೋರು ಕಳ್ಳರು.

ಏನಂದ್ರಿ? ...ಬರೆದೋಳು?

ಯಾರು... ಯಾರಪ್ಪ ಬರೆದೋಳು? ಬೆಂಗಳೂರಲ್ಲಿ ಯಾರೋ ಬರೀತಾರೆ, ಪೇಪರ್ನೋರು ಹಾಕ್ತಾರೆ, ನಾನು ಓದ್ತೀನಿ. ಅಷ್ಟೇ! ...ಯಾಕೆ ನಗ್ತೀರಿ? ...ಅವತ್ತಿನ ಗಿಟುಕಿನ ಸುಳಿವಿಂದ್ಲಾ? ಅಯ್ಯೋ, ಅದು... ಯಾಕೆ, ಅಟ್ಟದ ಮೇಲೆ ಒಣಗಿದ ಇಡೀ ಕೊಬ್ಬರಿಗೆ ಗಿಟುಕು ಅಂತಾರೆ ಅಂತ ಬೆಂಗಳೂರಿನೋರಿಗೆ ಗೊತ್ತಿರ್ಬಾರ್ದಾ? ಆ ಸುಳಿವು ಇಟ್ಟಾಗ ನಾನೂ ಯೋಚ್ನೆ ಮಾಡ್ದೆ... ಥೂ. ‘ಇಟ್ಟಾಗ’ ಅಂದ್ಬುಟ್ನಾ?

ಅವತ್ತೇ ಗೊತ್ತಾಯ್ತಾ ನಿಮ್ಗೆ? ಇಷ್ಟು ದಿನ ಸುಮ್ನಿದ್ರಾ?

ಪೇಪರ್ನೋರು ಪದಬಂಧ ನಿಲ್ಸಿಬುಟ್ರು ಮಾವ. ಯುಗಾದಿ ಕಳೀತು, ನಿಲ್ಸಿಬುಟ್ರು. ಆ ಜಾಗ್ದಲ್ಲಿ ಈಗ ಕೂದ್ಲು ಉದ್ರದಂಗೆ ಏನು ಹಚ್ಕೊಬೇಕು ಅಂತ ಬರೀತಾರೆ. ಹೇಳಾಣ ಅಂತ್ಲೇ ಬಂದಿದ್ದೆ ಅವತ್ತು. ನಿಮ್ಮ ಕಣ್ಣಿನ ನರ ಒಣಗೋಗೈತೆ, ಇನ್ನು ಕಾಣಲ್ಲ ಅಂತ ಡಾಕ್ಟ್ರು ಹೇಳಿದ್ದೂ ಆಗ್ಲೇ. ನೀವು ಸ್ನಾನ ಮಾಡಿ, ವಿಭೂತಿ ಇಟ್ಕೊಂಡು, ಈ ಜಗಲಿ ಮೇಲೆ ಕೂತು ಕಿವಿ ನನ್ಕಡೆ ತಿರುಗಿಸಿದ್ರಿ... ಹೆಂಗೆ ಹೇಳ್ಲಿ? ಬಾಯಿಗೆ ಬಂದಿದ್ದೊಂದು ಸುಳಿವು ಕಟ್ಟಿ ಹೇಳ್ದೆ. ಅವತ್ತಿಂದ ಹಿಂಗೇ.

ಚೆನ್ನಾಗೈತೆ ಅಂತೀರಾ? ನಿಜವಾಗ್ಲೂ? ...ಬುಡಿ ಮಾವ, ಹೇಳಿಕೊಟ್ಟೋರು ನೀವೇ ಅಲ್ವಾ. ಮದ್ವೆಯಾಗಿ ಈ ಶೆಟ್ಟಿಕೆರೆಗೆ ಬಂದಾಗ ನಂಗೆ ಪದಬಂಧ ಅಂದ್ರೆ ಖಾಲಿ ಮನೆಗೆ ಅಕ್ಷರ ತುಂಬೋದು, ಅಷ್ಟೇ ಗೊತ್ತಿದ್ದಿದ್ದು. ‘ಒಳ್ಳೇ ಸುಳಿವು ಸುಳ್ಳು ಹೇಳಲ್ಲ ಕಣಮ್ಮ, ದಾರಿ ತಪ್ಪಿಸ್ತದೆ ಅಷ್ಟೆ’ ಅಂತಿದ್ರಿ. ಒಂದೊಂದು ಸುಳಿವಿಗೆ ಇಡೀ ದಿನ ತಲೆ ಕೆಡಿಸ್ಕೊಂಡು, ರಾಗಿ ಮುದ್ದೆ ತಿರುವ್ತಾ ತಿರುವ್ತಾ ತಟ್ಟಂತ ಹೊಳ್ದು, ಕೋಲು ಕೈಯಲ್ಲೇ ಹಿಡ್ಕೊಂಡು ಓಡಿ ಬಂದು ನಿಮ್ಗೆ ಹೇಳಿದ್ದು ನೆನಪೈತಾ? ಅತ್ತೆ ಎಷ್ಟು ನಕ್ಕಿದ್ರು!

ಇನ್ನೊಂದಾ? ಸರಿ. ಇದು ಕಷ್ಟದ್ದು. ‘ತಲೆ ಹೋದರೆ ಮನೆ ನಿಲ್ಲಿಸುತ್ತದೆ, ತಲೆ ಇದ್ದರೆ ಮನೆ ಕೆಡವುತ್ತದೆ.’ ಮೂರಕ್ಷರ... ಹೂಂ, ಮನೆ ನಿಲ್ಲಿಸೋದು ಪಾಯ, ಸರಿ. ಅದಕ್ಕೊಂದು ತಲೆ ಇಡಿ... ಉಪಾಯ? ಅಲ್ಲ ಅಲ್ಲ! ಉಪಾಯ ಯಾಕೆ ಮನೆ ಕೆಡವ್ತದೆ? ...ಅಪಾಯ ಕಣ್ ಮಾವ. ಅಪಾಯ.

ಯಾಕೆ? ಇದೂ ಚೆನ್ನಾಗಿಲ್ವಾ? ...ಏನು ಬದ್ಲಾಗೈತೆ? ...ಮೊದ್ಲು ಹೋಳಿಗೆ, ನವಿಲು, ಮಲ್ಲಿಗೆ ಅಂತ ಉತ್ರ ಬರ್ತಿತ್ತು, ಈಗ ಕತ್ತರಿ, ಸೂಜಿ, ಗಾಯ ಅಂತೀರಾ? ಅದು... ಹೊಲಿಗೆ ಮಿಷಿನ್ ಮುಂದೆ ಕೂತು ಯೋಚ್ನೆ ಮಾಡ್ತೀನಲ್ಲ, ಅದಕ್ಕೆ. ಕಣ್ಮುಂದೆ ಇರೋದೇ ಬತ್ತದೆ.

ದನಿ? ನೆಗಡಿ ಕಣ್ ಮಾವ.

ಮಂಗಳವಾರ ಏನು? ...ತುರುವೇಕೆರೆಗೆ ಹೋಗಿದ್ನಲ್ಲ, ಹೇಳಿದ್ನಲ್ಲ. ರಾಧಾಮಣಿ ಮನೆಗೆ, ನನ್ನ ಜೊತೇಲಿ ಓದಿದೋಳು. ಅವ್ಳ ಮಗಳ ಸೀಮಂತ. ...ಆಸ್ಪತ್ರೆ ವಾಸ್ನೆನಾ? ನನ್ನ ಸೀರೆಯಿಂದ್ಲಾ? ಬಸ್ಸಲ್ಲಿ ಪಕ್ಕದಲ್ಲಿ ನರ್ಸಮ್ಮ ಒಬ್ಳು ಕೂತಿದ್ಲು... ಅದೇ ಇರ್ಬೇಕು. ಕಿಬ್ಬನಹಳ್ಳಿ ತಂಕ ಒಟ್ಟಿಗೇ ಬಂದ್ವಿ. ...ಏನು ಮಾವ ನೀವು, ಪೊಲೀಸ್ನೋರ ತರ! ಸೀಮಂತದ ಮನೆ ಹೂವಿನ ವಾಸ್ನೆ ಬರ್ಲಿಲ್ಲ ಅಂದ್ರೆ ಹೂವು ಬಾಡಿತ್ತು, ಬಿಸಾಕ್ದೆ.

ಬುಡಿ ಅದ್ನೆಲ್ಲ. ಇದೊಂದೇ ಉಳ್ದಿರೋದು. ಬೆಳಗಿನ ಜಾವ ಹೊಳ್ದಿದ್ದು. ಕೇಳಿ.

‘ಕೊರಳಿಗೆ ಹಾಕಿದ್ದು ಮೂರು. ಯಾರೂ ಹಾಕದೆ ಬಂದದ್ದು ಒಂದು.’ ಎರಡಕ್ಷರ.

...ಹಾರ ಅಲ್ಲ. ಸರ ಅಲ್ಲ. ತಾಳಿ... ಹತ್ರ ಬಂದ್ರಿ. ತಾಳಿ ಅಲ್ಲ, ತಾಳಿ ಕಟ್ಟುವಾಗ ಹಾಕೋದು. ಮೂರು ಹಾಕ್ತಾರಲ್ಲ... ಮೊದಲ್ನೇ ಅರ್ಧ ಸಾಕು. ಎರಡ್ನೇ ಅರ್ಧ ಬೇಡ ಮಾವ. ಅದು ಸುಮ್ನೆ, ದಾರಿ ತಪ್ಪಿಸೋಕೆ. ಮೊದಲ್ನೇದ್ರಲ್ಲೇ ಉತ್ರ ಸಿಕ್ತದೆ.

ಮಾವ?

ಸಿಕ್ತಾ? ...ಸಿಕ್ಕಿದ್ರೆ ಹೇಳಿ. ಯಾವಾಗ್ಲೂ ತೊಡೆ ತಟ್ಕೊಂಡು ಹೇಳ್ತೀರಲ್ಲ.

ಗೊತ್ತಾಗ್ಲಿಲ್ಲ ಅನ್ನಿ. ಅನ್ನಿ ಮಾವ, ಗೊತ್ತಾಗ್ಲಿಲ್ಲ ಅಂತ... ಒಂದ್ಸಲ ಸೋತೆ ಅಂದ್ರೆ ಏನಾಗ್ತದೆ? ನಾನು ಬೇರೇದು ಓದ್ತೀನಿ. ಇನ್ನೊಂದು ಐತೆ, ಚೆನ್ನಾಗಿರೋದು, ಬಂಗಾರದ್ದು... ಹಿಂದಿಂದ ಓದಿದ್ರೂ ಮುಂದಿಂದ ಓದಿದ್ರೂ...

ಮಾತಾಡಿ. ಬೈಯ್ರಿ ಬೇಕಾದ್ರೆ. ಹಂಗೆ ಕೂತಿರ್ಬೇಡಿ.

...ಗಂಟು. ಹೂಂ. ಗಂಟೇ.

ಚಿಕ್ಕದು ಮಾವ. ನೆಲ್ಲಿಕಾಯಿಗಿಂತ ಚಿಕ್ಕದು. ನೋವಿಲ್ಲ, ಏನಿಲ್ಲ. ಸ್ನಾನ ಮಾಡುವಾಗ ಕೈಗೆ ಸಿಕ್ತು, ಎಡಗಡೆ ಎದೇಲಿ. ಮಂಗಳವಾರ ತಿಪಟೂರಿಗೆ ಹೋಗಿ ಸ್ಕ್ಯಾನ್ ಮಾಡಿಸ್ದೆ, ಒಬ್ಳೇ. ತುಮಕೂರಿಗೆ ಹೋಗಿ, ಸೂಜಿ ಹಾಕಿ ಒಂಚೂರು ತೆಗ್ದು ಪರೀಕ್ಷೆ ಮಾಡಿಸ್ಬೇಕು ಅಂದ್ರು. ತಡ ಮಾಡ್ಬೇಡಮ್ಮ ಅಂದ್ರು. ನಿನ್ನೆ ದಾರ ತರ್ತೀನಿ ಅಂತ ಹೋದ್ನಲ್ಲ... ಚಿಕ್ಕನಾಯಕನಹಳ್ಳಿ ಬಸ್‌ಸ್ಟ್ಯಾಂಡ್ ತಂಕ ಹೋದೆ. ತುಮಕೂರು ಬಸ್ಸು ಬಂತು, ಮುಂದೇನೇ ನಿಲ್ತು. ಕಂಡಕ್ಟ್ರು ‘ಹತ್ತಮ್ಮ, ಹತ್ತು’ ಅಂತ ಕೂಗ್ತಾನೇ ಇದ್ದ. ಹತ್ಲಿಲ್ಲ ನಾನು. ವಾಪಸ್ ಬಂದೆ. ದಾರಾನೂ ತರ್ಲಿಲ್ಲ.

ಹೆಂಗೆ ಹೇಳ್ಬೇಕಿತ್ತು ನಿಮ್ಗೆ? ಅತ್ತೆಗೂ ಇದೇ ಅಲ್ವಾ? ಸೆರಗೊಳಗೆ ಮುಚ್ಕೊಂಡು ವರ್ಷ ತಳ್ಳಿದ್ರು. ಗೊತ್ತಾದಾಗ ಕೈ ಮೀರಿತ್ತು. ಅವ್ರ ತಲೆದೆಸೆ ಕೂತು ನೀವು ಗಂಜಿ ಕುಡ್ಸಿದ್ದು, ರಾತ್ರಿ ಎಲ್ಲ ಎದ್ದಿದ್ದು... ನಾನು ಕಂಡೋಳು. ಈ ಮುಪ್ಪಲ್ಲಿ ಇನ್ನೊಂದ್ಸಲ ನಿಮ್ಗೆ ಅದು ಬೇಡ ಅಂತ, ನಿಮ್ಗೋಸ್ಕರ ಮಾವ, ನಿಮ್ಗೋಸ್ಕರಾನೇ...

ಯಾಕೆ ತಲೆ ಅಲ್ಲಾಡಿಸ್ತೀರಿ? ...ನೀವು ಹೇಳ್ದೇನೇ ಕೇಳಿಸ್ತೈತೆ ನಂಗೆ. ಅತ್ತೆ ಮಾಡಿದ್ದನ್ನೇ ನಾನೂ ಮಾಡ್ತಿದ್ದೀನಿ ಅಂತ ತಾನೇ?

...ನಿಮ್ಗೋಸ್ಕರ ಅಲ್ಲ ಮಾವ. ಹೆದ್ರಿಕೆ. ನಂಗೇ ಹೆದ್ರಿಕೆ. ಬಾಯಿ ಬಿಟ್ಟು ಹೇಳಿದ್ರೆ ನಿಜ ಆಗ್ಬುಡ್ತದೆ ಅಂತ. ಹೇಳ್ದೇನೂ ಇರೋಕಾಗ್ಲಿಲ್ಲ. ನಿಮ್ಮ ಮಗನ್ನ ದಿನಾ ನೋಡ್ತೀನಿ, ಊಟಕ್ಕಿಡ್ತೀನಿ, ಬಾಯಿ ತೆಗೀತೀನಿ... ‘ಉಪ್ಪು ಸರಿ ಐತಾ’ ಅಂತ ಕೇಳ್ತೀನಿ.

ಎದ್ರಾ? ಎಲ್ಲಿಗೆ? ಅತ್ತ ಏಣಿ ಐತೆ, ಎಡವ್ತೀರಿ! ಮಾವ, ಬೇಡ, ನಿಮ್ಮ ಮಗನ್ನ ನೀವು ಕೂಗ್ಬೇಡಿ... ನಿಮ್ಮ ದನಿ ಹಿಂಗೆ ಕೇಳಿದ್ರೆ ಅವ್ರಿಗೆ ಎದೆ ಒಡ್ದೋಯ್ತದೆ. ಇರಿ. ಕೈ ಇತ್ತ ಕೊಡಿ... ಹೂಂ, ಬುಡ್ಬೇಡಿ, ಹಿಂಗೇ ಹಿಡ್ಕೊಂಡಿರಿ.

ನಾನೇ ಕರೀತೀನಿ.

ರೀ... ಏನ್ರೀ, ಕೇಳಿಸ್ತಾ? ಆ ಕಾಯಿ ಅಲ್ಲೇ ಬುಟ್ಟು ಸ್ವಲ್ಪ ಕೆಳಗಿಳೀರಿ. ...ಈಗ್ಲೇ. ...ಇಲ್ಲ, ಮಾವಂಗೇನೂ ಆಗಿಲ್ಲ, ಚೆನ್ನಾಗವ್ರೆ. ನಂಗೆ. ನಂಗೆ ಕಣ್ರೀ.